ಗ್ರಾಹಕರಿಗೆ ಪತ್ರ: ಗಿರಣಿಯ ಟೆಂಪೋ ಬರುವ ದಿನ ಮತ್ತು ಸಾಗಾಟದ ಖರ್ಚಿನ ಕುರಿತು

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಎಣ್ಣೆ ಗಿರಣಿಯ ಟೆಂಪೋ ಹೆದ್ದಾರಿಯ ಸಮುದ್ರದ ಕಡೆಯ ಮನೆಗಳಿಗೆ ಮಂಗಳವಾರ ಮಾತ್ರ, ಗುಡ್ಡದ ಕಡೆಯ ಮನೆಗಳಿಗೆ ಶುಕ್ರವಾರ ಮಾತ್ರ ಬರಲಿದೆ. ಇದುವರೆಗೆ ಪುಕ್ಕಟೆಯಾಗಿದ್ದ ಈ ಸೇವೆಗೆ ಇನ್ನು ಮುಂದೆ ಕೊಬ್ಬರಿ ಚೀಲವೊಂದಕ್ಕೆ 15 ರೂಪಾಯಿ ಸಾಗಾಟದ ಖರ್ಚು ಪಡೆಯುತ್ತೇವೆ. ಎಣ್ಣೆ ತೆಗೆಯುವ ಕೂಲಿ ಹಿಂದಿನಷ್ಟೇ ಇರುತ್ತದೆ. ಹಿಂಡಿಯೂ ಎಂದಿನಂತೆ ತಮಗೇ ಸೇರುತ್ತದೆ. ಈ ವಿಷಯ ಕೆಲವರಿಗೆ ನಮ್ಮಿಂದ ತಿಳಿಯುವ ಮೊದಲೇ ಮೀನು ಪೇಟೆಯಲ್ಲಿ ತಿಳಿಯಿತೆಂದು ಕೇಳಿದ್ದೇವೆ. ಅದು ನಮ್ಮ ತಪ್ಪು, ಕ್ಷಮಿಸಬೇಕು.

ಕುಮಟಾದಿಂದ ಹೊನ್ನಾವರದವರೆಗಿನ ನಮ್ಮ ಗ್ರಾಹಕರಿಗೆ ಈ ರಸ್ತೆಯ ಕಥೆ ಹೇಳಬೇಕಾಗಿಲ್ಲ. ಹಿರಿಯರ ಬಾಯಲ್ಲಿ ಇಂದಿಗೂ ಹಳೆಯ ಸಂಖ್ಯೆಯಾದ ಹದಿನೇಳಾಗಿಯೇ ಉಳಿದಿರುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ, ಮೊದಲು ಎರಡೂ ದಿಕ್ಕಿನ ವಾಹನಗಳಿಗೆ ಇದ್ದ ಏಳು ಮೀಟರ್ ಡಾಂಬರು ಈಗ ಒಂದೊಂದು ದಿಕ್ಕಿಗೇ ಸಿಕ್ಕಿತು. ಗೋವೆಯಿಂದ ಮಂಗಳೂರಿಗೆ ಓಡುವವರಿಗೆ ಅದರಿಂದ ಉಪಕಾರವಾಗಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಯನ್ನು ಉದ್ದಕ್ಕೆ ಬಳಸುವವರ ಲೆಕ್ಕ ಬೇರೆ, ಅಡ್ಡಕ್ಕೆ ದಾಟುವವರ ಲೆಕ್ಕ ಬೇರೆ. ಗಿರಣಿಯ ಬದುಕು ನಡೆಯುವುದು ದಾಟುವುದರಲ್ಲಿ.

"ಪರಿಹಾರದ ಹಣ ಬಂದಿದೆಯಲ್ಲ, ಮತ್ತೇಕೆ ನಮ್ಮ ಮೇಲೆ ಹಾಕುತ್ತೀರಿ" ಎಂದು ಕೇಳಿದವರಿದ್ದಾರೆ. ರಸ್ತೆಗೆ ಹೋದ ಮುಂಭಾಗದ ಜಾಗ ನಮ್ಮದಾಗಿರಲಿಲ್ಲ, ಬಾಡಿಗೆಯದಾಗಿತ್ತು. ಹಣ ಜಾಗದ ಒಡೆಯರಿಗೆ ಹೋಯಿತು, ಹೋಗಬೇಕಾದದ್ದೂ ಅವರಿಗೇ. ನಮಗೆ ಉಳಿದದ್ದು ಬಿಚ್ಚಿದ ತಗಡಿನ ಮಾಡು. ಅದು ಸಾಲದೆಂಬಂತೆ ರಸ್ತೆಯನ್ನು ಮಣ್ಣು ತುಂಬಿ ಎತ್ತರಿಸಿದ್ದರಿಂದ ನಮ್ಮ ಅಂಗಳ ತಗ್ಗಾಯಿತು. ಎರಡು ಮಳೆಗಾಲ ಕೆಂಪು ನೀರು ಗಿರಣಿಯ ಹೊಸ್ತಿಲು ದಾಟಿ ಒಳಬಂದು, ಚೀಲಗಳನ್ನು ಹಲಗೆಯ ಮೇಲೆ ಪೇರಿಸಿಟ್ಟು ರಾತ್ರಿ ಕಾದದ್ದುಂಟು. ಮೂರು ಅಡಿ ಚಿರೇಕಲ್ಲಿನ ಅಡ್ಡಗೋಡೆ ಕಟ್ಟಿಸಿದ್ದು ನಮ್ಮದೇ ಖರ್ಚಿನಲ್ಲಿ. ಅಗೆತದ ವರ್ಷಗಳಲ್ಲಿ ಧೂಳಿನಿಂದಾಗಿ ಅಂಗಳದಲ್ಲಿ ಕೊಬ್ಬರಿ ಒಣಗಿಸಲು ಹೆದರಿ, ತಾಡಪತ್ರಿಯ ಅಡಿಯಲ್ಲಿ ದುಪ್ಪಟ್ಟು ದಿನ ಒಣಗಿಸಿದೆವು. ಇದಾವುದನ್ನೂ ತಮ್ಮ ಕೂಲಿಗೆ ಸೇರಿಸಲಿಲ್ಲ ಎಂದು ಹೇಳಿಕೊಂಡರೆ ಜಂಬವೆನ್ನಬಾರದು.

ಇನ್ನು, ಸಮುದ್ರದ ಕಡೆಯ ಮನೆಗಳಿಂದ ಮತ್ತೆ ಮತ್ತೆ ಬಂದ ಮಾತಿಗೆ ಬರುತ್ತೇವೆ. "ನಾನೂರು ಮೀಟರ್ ಎದುರು ದಿಕ್ಕಿನಲ್ಲಿ ಬಂದರೆ ಮುಗಿಯಿತಲ್ಲ, ಎಲ್ಲರೂ ಹಾಗೆಯೇ ಬರುತ್ತಾರೆ, ನಿಮಗೊಬ್ಬರಿಗೆ ಏನು ಕಷ್ಟ?" ಗಿರಣಿಯ ಬಾಗಿಲು ತೆರೆಯುವುದು ಹೊನ್ನಾವರಕ್ಕೆ ಹೋಗುವ ಪಥಕ್ಕೆ. ನಮ್ಮಲ್ಲಿ ಸರ್ವಿಸ್ ರಸ್ತೆ ಇಲ್ಲ. ಕುಮಟಾದ ಕಡೆಗೆ ನಾನೂರು ಮೀಟರಿನಲ್ಲಿ ಡಿವೈಡರ್ ತೆರೆದಿರುವುದು ನಿಜ, ಆದರೆ ಅಲ್ಲಿಗೆ ಹೋಗಬೇಕೆಂದರೆ ಬರುವ ಲಾರಿಗಳ ಮುಖಕ್ಕೆ ಹೋಗಬೇಕು. ಸರಿಯಾದ ದಾರಿಯೆಂದರೆ ದಕ್ಷಿಣಕ್ಕೆ ಮೂರು ಕಿಲೋಮೀಟರ್ ಹೋಗಿ, ಅಲ್ಲಿ ಯು ಟರ್ನ್ ಹೊಡೆದು, ಅಷ್ಟೇ ದೂರ ಮರಳಿ ಬಂದು, ಮೊದಲು ಅರವತ್ತು ಹೆಜ್ಜೆಗೆ ಸಿಗುತ್ತಿದ್ದ ಎದುರಿನ ಓಣಿಗೆ ಇಳಿಯುವುದು. ಒಂದೊಂದು ಸಲಕ್ಕೆ ಆರು ಕಿಲೋಮೀಟರಿನ ಡೀಸೆಲ್. ದಿನಕ್ಕೆ ನಾಲ್ಕು ಸಲವಾದರೆ ಎಷ್ಟೆಂದು ತಾವೇ ಗುಣಿಸಬಹುದು. ಆದ್ದರಿಂದಲೇ ಒಂದು ಕಡೆಯ ಮನೆಗಳನ್ನೆಲ್ಲ ಒಂದೇ ದಿನಕ್ಕೆ ಕೂಡಿಸಿದ್ದೇವೆ.

ಎದುರು ದಿಕ್ಕಿನಲ್ಲಿ ಹೋಗಿ ನೋಡಿಲ್ಲವೆಂದಲ್ಲ. ಹೋಗಿದ್ದೇವೆ. ಕಳೆದ ಆಷಾಢದ ಒಂದು ಸಂಜೆ, ಮಳೆ ಹೊಯ್ಯುತ್ತಿದ್ದಾಗ, ಹೊತ್ತಾಯಿತೆಂದು ನಮ್ಮ ಚಾಲಕನಿಗೆ ಹಾಗೆ ಹೋಗಲು ಹೇಳಿದ್ದು ನಾವೇ. ಬಸ್ಸೊಂದರ ದೀಪ ಕಣ್ಣಿಗೆ ಹೊಡೆದು ಅವನು ಅಂಚಿಗೆ ಸರಿದಾಗ ಚಕ್ರ ಹಸಿಮಣ್ಣಿನಲ್ಲಿ ಹೂತು ಟೆಂಪೋ ವಾಲಿತು. ಒಂಬತ್ತು ಡಬ್ಬಗಳಲ್ಲಿ ಆರು ಉರುಳಿ, ಮುಚ್ಚಳ ಹಾರಿ, ತಮ್ಮ ಮರದ ಎಣ್ಣೆ ಮಳೆನೀರಿನ ಜೊತೆ ಡಾಂಬರಿನ ಮೇಲೆ ಹರಡಿತು. ಬೈಕಿನವರು ಜಾರಬಾರದೆಂದು ರಾತ್ರಿ ಹತ್ತರವರೆಗೆ ಅದರ ಮೇಲೆ ಮರಳು, ಭತ್ತದ ಹೊಟ್ಟು ಸುರಿಯುತ್ತ ನಿಂತೆವು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಆ ಆರು ಮನೆಗಳಿಗೆ ನಮ್ಮದೇ ಕೊಬ್ಬರಿಯ ಎಣ್ಣೆಯನ್ನು ಅಷ್ಟೇ ಅಳತೆಗೆ ತುಂಬಿಸಿ ಕಳುಹಿಸಿದೆವು, ಆದರೆ ಹೇಳಲಿಲ್ಲ. "ಈ ಸಲದ ಎಣ್ಣೆಯ ಪರಿಮಳ ಯಾಕೋ ಬೇರೆ" ಎಂದು ಒಬ್ಬ ಅಮ್ಮ ಫೋನ್ ಮಾಡಿದಾಗಲೂ ಹೇಳಲಿಲ್ಲ. ಒಂದು ಮನೆಯ ಕೊಬ್ಬರಿಗೆ ಇನ್ನೊಂದು ಮನೆಯದನ್ನು ಎಂದೂ ಬೆರೆಸಿಲ್ಲವೆಂದು ಹೇಳಿಕೊಳ್ಳುವ ಗಿರಣಿಗೆ ಅದು ಸಲ್ಲದ ಮೌನವಾಗಿತ್ತು. ಆ ಆರೂ ಮನೆಯವರ ಕ್ಷಮೆಯನ್ನು ಈ ಪತ್ರದಲ್ಲಿ ಕೇಳುತ್ತಿದ್ದೇವೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಎದುರು ದಿಕ್ಕಿನಲ್ಲಿ ಓಡಿಸುವುದು 184ನೇ ಕಲಮಿನಡಿ ಅಪಾಯಕಾರಿ ಚಾಲನೆಯಾಗುತ್ತದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಸೆರೆ, ಇಲ್ಲವೇ ಎರಡೂ. ದಂಡ ನಾವು ಕಟ್ಟಬಹುದು, ಸೆರೆಗೆ ಹೋಗುವವನು ಚಾಲಕ. ಆದ್ದರಿಂದ ಇನ್ನು ಯಾರು ಎಷ್ಟು ಒತ್ತಾಯಿಸಿದರೂ ನಮ್ಮ ಟೆಂಪೋ ಆ ನಾನೂರು ಮೀಟರ್ ಹೋಗುವುದಿಲ್ಲ.

ಕಾರವಾರದ ಕಡೆಯ ಗ್ರಾಹಕರಿಗೆ ಒಂದು ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಮತ್ತೆ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಾಗ ತಮ್ಮ ಡಬ್ಬಗಳು ತಡವಾದವು. ಶಿರೂರಿನಲ್ಲಿ ಜೀವಗಳೇ ಹೋದ ಮೇಲೆ ಎಣ್ಣೆಯ ಮಾತು ಆಡುವುದು ಸರಿಯಲ್ಲವೆಂದು ಆಗ ಸುಮ್ಮನಿದ್ದೆವು. ತಮಗೆ ತಿಂಗಳಿಗೊಮ್ಮೆ ಕಳುಹಿಸುವ ಕ್ರಮದಲ್ಲಿ ಬದಲಾವಣೆ ಇಲ್ಲ.

ಕೊಬ್ಬರಿಯನ್ನು ತಾವೇ ತಂದರೆ ಸಾಗಾಟದ ಖರ್ಚು ಇಲ್ಲ. ಓಣಿಯ ನಾಲ್ಕು ಮನೆಯವರು ಚೀಲಗಳನ್ನು ಒಂದೇ ಮನೆಯಲ್ಲಿ ಕೂಡಿಸಿಟ್ಟರೆ 15ರ ಬದಲು 10 ರೂಪಾಯಿ ಸಾಕು. ಚೀಲಕ್ಕೆ ಹೆಸರು ಬರೆದ ಚೀಟಿ ಕಟ್ಟಿರಬೇಕು. ವಯಸ್ಸಾದವರು, ಮನೆಯಲ್ಲಿ ಒಬ್ಬರೇ ಇರುವವರು ದಯವಿಟ್ಟು ಚೀಲ ಹೊತ್ತು ಹೆದ್ದಾರಿ ದಾಟಬೇಡಿ. ಒಂದು ಫೋನ್ ಮಾಡಿದರೆ ವಾರ ನೋಡದೆ ಬರುತ್ತೇವೆ, ಅದಕ್ಕೆ ಹಣ ಬೇಡ.

ಇಂತಿ ತಮ್ಮ ವಿಶ್ವಾಸಿಗಳು,
ಗಿರಣಿಯವರು