ಬೆಟ್ಟದ ಮೇಲೆ ಕಂಡಿದ್ದು ಹೊಗೆಯೋ ಮಂಜೋ

ಮಡಿಕೇರಿ

ಪ್ರೀತಿಯ ತಂಗಿ,

ನಿನ್ನ ಪತ್ತೇದಾರಿ ಕತೆ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಕೊಂದವರು ಯಾರು ಅಂತ ತಿಳಿಯುವ ಆಸೆಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಜನವರಿಯ ಕೊಯ್ಲು, ಸಂಜೆ ಕಣದಲ್ಲಿ ಕಾಫಿ ಹಣ್ಣು ರಾಶಿ ಮಾಡಿ ಟಾರ್ಪಾಲು ಹೊದಿಸುವುದು, ತೋಟದ ಕೆಲಸದವರ ಲೈನ್ ಮನೆಗಳ ಒಲೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಪತ್ತೇದಾರ ಬಂದು ಮಾತು ಶುರು ಮಾಡಿದ ಮೇಲೆ ನನಗೆ ಕತೆಯ ಮೇಲಿನ ನಂಬಿಕೆ ಸಡಿಲವಾಯಿತು.

ಅವನು ಬೆಂಗಳೂರಿನವನು. ಪಕ್ಕದ ತೋಟದವರ ಮನೆಗೆ ಹೋಗುತ್ತಾನೆ, ಗೋಡೆಯ ಮೇಲೆ ಕೋವಿ ನೋಡುತ್ತಾನೆ, 'ಹಾಗಾದರೆ ಇವನೇ' ಅನ್ನುತ್ತಾನೆ. ತಂಗಿ, ಇದು ಕೊಡಗು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುವ ನಾಡು ನಮ್ಮದು. ಊರಿನ ಹತ್ತು ಮನೆಯಲ್ಲೂ ಇರುವ ವಸ್ತು ಒಬ್ಬನನ್ನು ಮಾತ್ರ ಹೇಗೆ ತೋರಿಸಿಕೊಡುತ್ತದೆ? ಬೂಟಿನ ಕೆಸರೂ ಅಷ್ಟೇ. ನಮ್ಮಲ್ಲಿ ಬೂಟಿಗೆ ಮಣ್ಣು ಮೆತ್ತದವರು ಯಾರಿದ್ದಾರೆ ಹೇಳು.

ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ತರ್ಕಶಾಸ್ತ್ರದವರು, 'ಅನುಮಾನ'ಕ್ಕೆ (ಕಂಡದ್ದರಿಂದ ಕಾಣದ್ದನ್ನು ತಿಳಿಯುವುದಕ್ಕೆ) ಕೊಡುವ ಉದಾಹರಣೆ ನಿನಗೂ ಗೊತ್ತಿರಬೇಕು. ಬೆಟ್ಟದಲ್ಲಿ ಬೆಂಕಿ ಇದೆ, ಯಾಕಂದ್ರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಈ 'ಎಲ್ಲಿ ಇದೋ ಅಲ್ಲಿ ಅದು' ಎನ್ನುವ ನಂಟಿಗೆ ಅವರು ವ್ಯಾಪ್ತಿ ಅಂತ ಹೆಸರಿಟ್ಟರು. ಅದನ್ನು ತಿರುಗಿಸಿ ಹೇಳಿದರೆ ಮಾತು ನಿಲ್ಲುವುದಿಲ್ಲ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಾಗಿಲ್ಲ, ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡು ಅಂತಾರೆ. ಕೊಂದವನ ಹತ್ತಿರ ಕೋವಿ ಇತ್ತು ಅಂದ ಮಾತ್ರಕ್ಕೆ ಕೋವಿ ಇದ್ದವನೆಲ್ಲ ಕೊಂದವನಾಗುವುದಿಲ್ಲ. ನಿನ್ನ ಪತ್ತೇದಾರ ಎಡವಿದ್ದು ಇಲ್ಲೇ.

ನಾನೂ ಎಡವಿದ್ದೇನೆ. ನನ್ನ ಮೊದಲ ಕತೆಯಲ್ಲಿ ಪತ್ತೇದಾರ ದೂರದ ಗುಡ್ಡದಲ್ಲಿ ಬೆಳ್ಳಗೆ ಏಳುವುದನ್ನು ನೋಡಿ, ಅಲ್ಲಿ ಕಳ್ಳಭಟ್ಟಿ ಬೇಯುತ್ತಿದೆ ಅಂತ ಹೇಳಿಬಿಡುತ್ತಾನೆ. ಕತೆ ಓದಿದ ಪಕ್ಕದ ಮನೆಯ ಅಜ್ಜಿ ಒಂದೇ ಪ್ರಶ್ನೆ ಕೇಳಿದರು: "ಅದು ಮಂಜೂ ಆಗಿರಬಹುದಲ್ವಾ ಮಗಾ? ನಿನ್ನ ಮನುಷ್ಯ ಹತ್ತಿರ ಹೋಗಿ ಮೂಸಿ ನೋಡಿದನಾ?" ಹೊಗೆ ಅಂದುಕೊಂಡಿದ್ದು ಬರೀ ಹಬೆ ಆಗಿರಬಹುದು ಅಂತ ಹಳೆಯ ತರ್ಕದ ಪುಸ್ತಕಗಳೂ ಎಚ್ಚರಿಸುತ್ತವೆ. ನನಗೆ ಅದು ಮನಸ್ಸಿಗೆ ಹೊಕ್ಕಿದ್ದು ಅಜ್ಜಿಯಿಂದ. ಅವತ್ತಿನಿಂದ ನನ್ನ ಪತ್ತೇದಾರ 'ಆದ್ದರಿಂದ' ಅನ್ನುವ ಮುಂಚೆ ನಾನು ತಡೆದು, ಬೇರೆ ಏನಾದರೂ ಆಗಿರಬಹುದಾ ಅಂತ ಕೇಳುತ್ತೇನೆ. ನೀನೂ ಕೇಳು.

ಈಗ ಆರನೇ ಪುಟ ತೆಗಿ. ತೋಟದ ಮೇಸ್ತ್ರಿ ಕಾಲುಚೀಲ ಜಾರಿಸಿ ಹರಡು ಕೆರೆದುಕೊಳ್ಳುತ್ತಾನೆ, ಜಿಗಣೆ ಕಚ್ಚಿದ ಜಾಗದಿಂದ ಇನ್ನೂ ರಕ್ತ ಜಿನುಗುತ್ತಿದೆ. ಇದನ್ನು ನೀನು ಸುಮ್ನೆ ಬರೆದುಕೊಂಡು ಹೋಗಿದ್ದೀಯ. ಕತೆಯ ನಿಜವಾದ ಸುಳಿವು ಇದೇ! ಆಷಾಢದಲ್ಲಾದರೆ ಜಿಗಣೆ ಕಡಿತಕ್ಕೆ ಯಾವ ಬೆಲೆಯೂ ಇಲ್ಲ, ಅಂಗಳಕ್ಕೆ ಇಳಿದರೂ ಹತ್ತುತ್ತದೆ. ಜನವರಿಯಲ್ಲಿ ತೋಟದ ತರಗೆಲೆ ಒಣಗಿ ಗರಗರ ಅನ್ನುತ್ತಿರುತ್ತದೆ. ಆಗ ಜಿಗಣೆ ಸಿಗುವುದು ತೊರೆಯ ಬದಿಯಲ್ಲಿ, ನೆರಳು ತೇವ ಇರುವಲ್ಲಿ. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಬಿಡುತ್ತದೆ, ಹಾಗಾಗಿ ಅದು ಬಿದ್ದುಹೋದ ಮೇಲೂ ಗಂಟೆಗಟ್ಟಲೆ ಜಿನುಗಬಹುದು. ಜಿನುಗುತ್ತಿದೆ ಅಂದರೆ ನಿನ್ನೆ ಮೊನ್ನೆಯ ಕಡಿತ ಅಲ್ಲ. ಆದರೆ ಮೇಸ್ತ್ರಿ, ಕೊಲೆಯಾದ ರಾತ್ರಿಯಿಡೀ ಕಣ ಬಿಟ್ಟು ಕದಲಲಿಲ್ಲ ಅನ್ನುತ್ತಾನೆ. ಹಾಗಾದರೆ ಜಿಗಣೆ ಹತ್ತಿದ್ದೆಲ್ಲಿ?

ಇಷ್ಟಕ್ಕೇ ಅವನನ್ನು ಹಿಡಿಸಬೇಡ. ಇದಿನ್ನೂ ಊಹೆ. ಷೆರ್ಲಾಕ್ ಹೋಮ್ಸ್ ತನ್ನ ವಿಧಾನವನ್ನು ನಿಗಮನ (ಗೊತ್ತಿರುವ ನಿಯಮದಿಂದ ಖಚಿತ ತೀರ್ಮಾನಕ್ಕೆ ಬರುವುದು) ಅಂತ ಕರೆದುಕೊಂಡರೂ, ಅವನು ಮಾಡುವುದು ಜಾಸ್ತಿ ಈ ಊಹೆಯ ಕೆಲಸವನ್ನೇ. ಕಂಡ ವಿಚಿತ್ರಕ್ಕೆ ಯಾವ ಕಾರಣ ಚೆನ್ನಾಗಿ ಹೊಂದುತ್ತದೆ ಅಂತ ಹುಡುಕುವುದು. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ (1839–1914) ಇದನ್ನು ಬೇರೆಯೇ ಬಗೆಯ ತರ್ಕ ಅಂತ ಗುರುತಿಸಿದ. ಊಹೆಯ ಮುಂದೆ ಇನ್ನೆರಡು ಹೆಜ್ಜೆ ಇವೆ. ಊಹೆ ನಿಜವಾದರೆ ಇನ್ನೇನು ಕಾಣಬೇಕು ಅಂತ ಲೆಕ್ಕ ಹಾಕುವುದು ಒಂದು, ಹೋಗಿ ನೋಡುವುದು ಇನ್ನೊಂದು. ಮೇಸ್ತ್ರಿ ಹೇಳುವುದು, ಮಂಜು ಬೀಳುತ್ತೆ ಅಂತ ನಡುರಾತ್ರಿ ಎದ್ದು ಟಾರ್ಪಾಲು ಸರಿಪಡಿಸಿದೆ, ಬೆಳಗಿನ ಜಾವ ಇನ್ನೊಮ್ಮೆ ಎಳೆದೆ ಅಂತ ತಾನೇ? ಹಾಗಾದರೆ ಬೆಳಿಗ್ಗೆ ಟಾರ್ಪಾಲಿನ ಅಂಚಿನಲ್ಲಿ ಇಬ್ಬನಿ ಒರೆಸಿಹೋದ ಗುರುತು ಇರಬೇಕು. ನಿನ್ನ ಪತ್ತೇದಾರ ಬಿಸಿಲು ಏರುವ ಮೊದಲೇ ಕಣಕ್ಕೆ ಹೋಗಲಿ. ಮಡಿಕೆಗಳಲ್ಲಿ ನೀರು ನಿಂತಿದೆ, ಅಂಚಿನುದ್ದಕ್ಕೂ ಹನಿ ಹನಿ ಹಾಗೇ ಕೂತಿದೆ, ಒಂದು ಬೆರಳಿನ ಗೆರೆಯೂ ಇಲ್ಲ. ಇದನ್ನು ಓದುಗರಿಗೂ ಆಗಲೇ ತೋರಿಸು, ಕೊನೆಯ ಪುಟಕ್ಕೆ ಬಚ್ಚಿಡಬೇಡ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದರು. ಕೆಲವು ಹಳತಾಗಿವೆ, ಆದರೆ ಸಿಕ್ಕ ಸುಳಿವನ್ನು ಪತ್ತೇದಾರ ಓದುಗರಿಂದ ಮುಚ್ಚಿಡಬಾರದು ಅನ್ನುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಕೊನೆಗೆ ನಾಯಿಯ ವಿಷಯ. ರಾತ್ರಿ ನಾಯಿ ಬೊಗಳಲಿಲ್ಲ, ಆದ್ದರಿಂದ ಬಂದವನು ಪರಿಚಿತ ಅಂತ ಬರೆದಿದ್ದೀಯ. 1892ರ ಹೋಮ್ಸ್ ಕತೆಯೊಂದು ಈ ತರ್ಕದ ಮೇಲೆಯೇ ನಿಂತಿದೆ. ಅಲ್ಲಿ ಅದು ಗಟ್ಟಿ ಯಾಕಂದ್ರೆ ನಾಯಿ ಲಾಯದೊಳಗೇ ಇತ್ತು, ಕುದುರೆಯನ್ನು ಹೊರಗೆ ಒಯ್ದದ್ದು ಅದರ ಕಣ್ಣೆದುರಿಗೇ. ನಮ್ಮ ಕಡೆ ಚಿರತೆಯ ಭಯಕ್ಕೆ ಕತ್ತಲಾದ ಮೇಲೆ ನಾಯಿಯನ್ನು ಒಳಗೆ ಕೂಡಿಹಾಕುವ ಮನೆಗಳಿವೆ. ಒಳಗಿದ್ದ ನಾಯಿಗೆ ಕಣದ ಸದ್ದು ಕೇಳಿಸಿತ್ತೋ ಇಲ್ಲವೋ? ನಿನ್ನ ಕತೆಯ ನಾಯಿ ಆ ರಾತ್ರಿ ಎಲ್ಲಿ ಮಲಗಿತ್ತು ಅಂತ ಮೊದಲು ತೀರ್ಮಾನ ಮಾಡು, ಆಮೇಲೆ ಆ ಭಾಗ ಬರೆದು ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ