ಅಪ್ಪಯ್ಯನ ನಿದ್ದೆ ಕೆಡಿಸಿದ ಟ್ರೇಲರ್

ಸ್ಯಾಕ್ರಮೆಂಟೊ, ಭಾನುವಾರ

ಆಯಿ, ಅಪ್ಪಯ್ಯನಿಗೆ ನಮಸ್ಕಾರಗಳು. ನಾವೆಲ್ಲ ಆರಾಮ.

ಆಯಿ, ನಿನ್ನ ಪತ್ರ ಓದಿ ಸಂಕಟವಾಯಿತು. ನಾವು ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ ತಗೊಂಡ ಸುದ್ದಿ ಕೇಳಿದ ಮೇಲೆ ಅಪ್ಪಯ್ಯನಿಗೆ ನಿದ್ದೆಯಿಲ್ಲ, ಬಿ.ಪಿ. ಏರಿದೆ ಎಂದು ಬರೆದಿದ್ದೀಯ. ಅರಬೈಲ್ ಘಟ್ಟದಲ್ಲಿ ಮಗುಚಿದ ಲಾರಿ ನೋಡಿದವರಿಗೆ ಹೆದರಿಕೆ ಸಹಜ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ. ಅಪ್ಪಯ್ಯನಿಗೆ ಓದಿ ಹೇಳು.

ಟ್ರೇಲರ್ ಸಣ್ಣದು, 16 ಅಡಿ. ನೀರು, ಸಾಮಾನು ಸೇರಿ 1,600 ಕಿಲೋ ಮೀರಬಾರದು ಎಂದು ಅದರ ಮೇಲೇ ಬರೆದಿದೆ. ಮಾರುವವರು ಖಾಲಿ ತೂಕ ಹೇಳುತ್ತಾರೆ, ನಾನು ತುಂಬಿದ ತೂಕವನ್ನೇ ಲೆಕ್ಕ ಹಿಡಿದೆ. ನಮ್ಮ ಕಾರು 2,200 ಕಿಲೋ ಎಳೆಯುತ್ತದೆ. ಆದರೆ ಅಷ್ಟೇ ಸಾಲದು. ಎರಡನ್ನೂ ಜೋಡಿಸುವ ಹಿಚ್ ಸರಿಯಿರಬೇಕು.

ಅಪ್ಪಯ್ಯನಿಗೆ ಇದು ಥಟ್ಟನೆ ಗೊತ್ತಾಗುತ್ತದೆ. ಬೆಟ್ಟದಿಂದ ಸೊಪ್ಪು ತರುವಾಗ ಗಾಡಿಯ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತಿತ್ತು, ಮುಂದೆ ಹೇರಿದರೆ ಎತ್ತಿನ ಹೆಗಲಿಗೆ ಭಾರ. ಇದೂ ಹಾಗೇ. ಟ್ರೇಲರ್‌ನ ಮೂತಿ, ಅಂದರೆ ಕಾರಿಗೆ ಸೇರುವ ಮುಂತುದಿ, ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟನ್ನು ಕಾರಿನ ಮೇಲೆ ಊರಬೇಕು. ನಮ್ಮದಕ್ಕೆ 160ರಿಂದ 240 ಕಿಲೋ. ಕಡಿಮೆಯಾದರೆ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ.

ಅದಕ್ಕೇ ಗುಂಡಿನ ಮೇಲೆ ಮೂತಿ ಕೂರಿಸುವ ಬರೀ ಬಾಲ್ ಹಿಚ್ ಬೇಡ ಎಂದೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿದ್ದೇನೆ. ಅದರ ಎರಡು ಸ್ಪ್ರಿಂಗ್ ಸರಳುಗಳು ಮೂತಿಯ ಭಾರವನ್ನು ಸ್ವಲ್ಪ ಕಾರಿನ ಮುಂದಿನ ಚಕ್ರಕ್ಕೂ ಸ್ವಲ್ಪ ಟ್ರೇಲರ್ ಚಕ್ರಕ್ಕೂ ಹಂಚುತ್ತವೆ. ಕೆಲವು ಕಾರು ತಯಾರಿಸುವವರು ಇದನ್ನು ಹಾಕಬೇಡಿ ಅನ್ನುತ್ತಾರೆ. ನಮ್ಮ ಕಾರಿನ ಪುಸ್ತಕದಲ್ಲಿ ಒಪ್ಪಿಗೆ ಇದೆ, ನಾನೇ ಓದಿದ್ದೇನೆ. ಓಲಾಟ ತಡೆಯುವ ಏರ್ಪಾಡೂ ಅದರಲ್ಲೇ ಇದೆ. ಅದಕ್ಕೆಂದೇ ಬೇರೆ ಸರಳು ಸಿಕ್ಕಿಸುವ ಅಗ್ಗದ ಬಗೆಯೂ ಉಂಟು, ಆದರೆ ರಿವರ್ಸ್ ತೆಗೆಯುವ ಮೊದಲು ಇಳಿದು ಅದನ್ನು ಬಿಚ್ಚಬೇಕು. ಇವರಿಗೆ ದುಡ್ಡು ಜಾಸ್ತಿ ಆಯಿತು ಅನಿಸಿತು. ನಾನು ಜಗ್ಗಲಿಲ್ಲ. ಇಂಥದ್ದರಲ್ಲಿ ಉಳಿತಾಯ ಮಾಡಬಾರದು.

ಕೊಂಡಿ ಕಳಚಿದರೆ ಎಂದು ಕೇಳಿದ್ದೀಯ. ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಕಿರುತ್ತೇವೆ, ಮೂತಿ ಬಿದ್ದರೂ ಅವುಗಳ ಮೇಲೇ ಕೂರುತ್ತದೆ. ಅದೂ ಕಡಿದು ಹೋದರೆ ಕಾರಿಗೆ ಕಟ್ಟಿದ ಒಂದು ತಂತಿ ಪಿನ್ ಎಳೆದು ಟ್ರೇಲರ್ ತನ್ನ ಬ್ಯಾಟರಿಯಿಂದಲೇ ಬ್ರೇಕ್ ಹಾಕಿಕೊಳ್ಳುತ್ತದೆ. ಓಡುವಾಗ ಒಳಗೆ ಯಾರೂ ಕೂರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರು ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ದಾಟುವಂತಿಲ್ಲ. ನಾವು ಅದಕ್ಕಿಂತಲೂ ನಿಧಾನ ಹೋಗುತ್ತೇವೆ. ಚಿಂತೆಯೇ ಬೇಡ, ನಿಜವಾಗಿಯೂ ಬೇಡ.

ಇದನ್ನು ತಗೊಂಡದ್ದೂ ನಿಮಗಾಗಿಯೇ. ಅಪ್ಪಯ್ಯ ಹೋಟೆಲ್ ಊಟ ಮುಟ್ಟುವುದಿಲ್ಲ ಅಲ್ವಾ? ಇದರಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲ ಇದೆ. ಇಲ್ಲಿ ಟ್ರೇಲರ್ ನಿಲ್ಲಿಸುವ ಜಾಗಗಳಲ್ಲಿ ಕರೆಂಟು, ನಲ್ಲಿ ಸಿಗುತ್ತದೆ. ನಿವೃತ್ತರಾದ ಎಷ್ಟೋ ಜನ ವರ್ಷವಿಡೀ ಇದರಲ್ಲೇ ಇರುತ್ತಾರೆ! ಸಿಯೆರಾ ಬೆಟ್ಟದಲ್ಲಿ ನೀನು ತಂಬುಳಿ ಮಾಡಬೇಕು.

ಆದರೆ ಅಪ್ಪಯ್ಯನ ಬಿ.ಪಿ.ಗೆ ಬರೀ ಟ್ರೇಲರ್ ಕಾರಣ ಅಂತ ನನಗನಿಸುವುದಿಲ್ಲ. ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದಾರಾ? ಅಪ್ಪೆಮಿಡಿ ಉಪ್ಪಿನಕಾಯಿ ಸದ್ಯ ಬೇಡ. ಶ್ರೀಪಾದ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ, ಎಷ್ಟು ಬಂತು ಅಂತ ಅವತ್ತೇ ಫೋನ್ ಮಾಡಲಿ. ದುಡ್ಡು ಕಳಿಸುತ್ತೇನೆ.

ಪುಟ್ಟಿಯನ್ನು ಈಜಿನ ಕ್ಲಾಸಿನಿಂದ ಕರೆತರುವ ಹೊತ್ತಾಯಿತು. ಸರಸ್ವತತ್ತೆಗೆ ಆಮೇಲೆ ಬರೆಯುತ್ತೇನೆ.

ನಿಮ್ಮ
ಸುಮಾ