ಪುಟ್ಟಿಗೆ, ಆ ಗ್ರೇಹೌಂಡ್ ವಿಷಯ

ಪುಟ್ಟಿ,

ನೀನು ಮನೆಗೆ ತರೋಣ ಅನ್ನುತ್ತಿರುವ ಆ ಗ್ರೇಹೌಂಡ್ ನಾಯಿಯ ವಿಷಯ ಊಟದ ಹೊತ್ತಲ್ಲಿ ಮಾತಾಡಿದರೆ ಮುಗಿಯುವುದಿಲ್ಲ. ಅಪ್ಪ ಮೊದಲು ಖರ್ಚು ಕೇಳುತ್ತಾರೆ. ಅಜ್ಜಿ "ನಾಯಿ ಬಾಗಲಾಗ ಇರಬೇಕು, ಹಾಸಿಗಿ ಮ್ಯಾಲ ಅಲ್ಲ" ಅನ್ನುತ್ತಾರೆ. ನೀನು ತಟ್ಟೆ ಅಲ್ಲೇ ಬಿಟ್ಟು ರೂಮಿಗೆ ಹೋಗುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ಫೋನ್ ಪಕ್ಕಕ್ಕಿಟ್ಟು ಓದು.

ನಾನು ಬೇಡ ಅನ್ನುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮನೆಯಲ್ಲಿ ಎಲ್ಲರೂ ವಾದ ಮಾಡುತ್ತಿರುವುದು ಬೇರೆ ಯಾವುದೋ ವಿಷಯಕ್ಕೆ. "ಅಷ್ಟು ಜೋರಾಗಿ ಓಡುವ ನಾಯಿ ಐದನೇ ಮಹಡಿಯ ಟೂ ಬಿಎಚ್‌ಕೆಯಲ್ಲಿ ಹೇಗಿರುತ್ತೆ?" ಅಂತ ಅಪ್ಪ ಕೇಳಿದರು. ಲಿಫ್ಟಿನಲ್ಲಿ ಸಿಕ್ಕ ಕೆಳಗಿನ ಮನೆಯ ಕಾಕು ಕೂಡ ಅದನ್ನೇ ಕೇಳಿದರು. ನನಗೆ ಆ ಚಿಂತೆ ಇಲ್ಲ. ಗ್ರೇಹೌಂಡಿನ ಓಟ ಅರ್ಧ ನಿಮಿಷದ್ದು. ಇಂಗ್ಲೆಂಡಿನ ಟ್ರ್ಯಾಕುಗಳಲ್ಲಿ 480 ಮೀಟರ್ ರೇಸು ಸುಮಾರು 30 ಸೆಕೆಂಡಿಗೆ ಮುಗಿದುಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಮೇಲೆ ಓಡಬಲ್ಲ ಅದೇ ನಾಯಿ ಉಳಿದ ದಿನವೆಲ್ಲ ಕಾಲು ಚಾಚಿ ಮಲಗಿರುತ್ತದೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಡುವೆ ಎರಡು ಸಲ ಕೆಳಗೆ ಕರೆದುಕೊಂಡು ಹೋದರೆ ಸಾಕು. ನಮ್ಮ ಫ್ಲಾಟ್ ಅದಕ್ಕೆ ಚಿಕ್ಕದೇನಲ್ಲ.

ಅಪ್ಪನ ಎರಡನೇ ಮಾತು, ಮುಧೋಳ ನಾಯಿಯೇ ಇರುವಾಗ ಪರದೇಶದ ತಳಿ ಯಾಕೆ ಅನ್ನೋದು. ಊರಲ್ಲಿರುವ ಮಾಮಾನಿಗೆ ಒಂದು ಫೋನ್ ಮಾಡಿದರೆ ಮರಿ ಬಂದುಬಿಡುತ್ತದೆ, ನಿಜ. ನಾನು ಆ ನಾಯಿಗಳ ನಡುವೆಯೇ ಬೆಳೆದವಳು. ಮುಧೋಳದ ಘೋರ್ಪಡೆ ರಾಜರ ಆಸ್ಥಾನದಲ್ಲಿ ಬೆಳೆದು ಹೆಸರು ಮಾಡಿದ ತಳಿ ಅದು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಇದೆ. ನನಗೂ ಹೆಮ್ಮೆ ಇದೆ. ಆದರೂ ಈ ಫ್ಲಾಟಿಗೆ ನಾನು ಅದನ್ನು ತರುವುದಿಲ್ಲ. ಅದು ಹೊಲದ ನಾಯಿ. ಬಿಸಿಲಲ್ಲಿ ಗಂಟೆಗಟ್ಟಲೆ ಅಲೆಯುತ್ತದೆ, ಪರಿಚಯ ಇಲ್ಲದವರು ಮುಟ್ಟಿದರೆ ಅದಕ್ಕೆ ಆಗುವುದಿಲ್ಲ. ನಮ್ಮ ಲಿಫ್ಟಿನಲ್ಲಿ ದಿನಕ್ಕೆ ಎಷ್ಟು ಜನ ಅದರ ಮೈ ಸವರುತ್ತಾರೆ, ಯೋಚಿಸು. ಬೇಟೆಗೆ ಓಡುವ ಜಾತಿ ಎರಡೂ ಹೌದು, ಸ್ವಭಾವ ಬೇರೆ. ಗ್ರೇಹೌಂಡ್ ಹೊಸಬರು ಬಂದರೂ ಸುಮ್ನೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಬೊಗಳುವುದೂ ಕಡಿಮೆ. ಇದನ್ನು ಹೇಳಿದಾಗ ಅಜ್ಜಿ, "ಬೊಗಳೂದಿಲ್ಲ ಅಂದ್ರ ಯಾತಕ್ಕ ನಾಯಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಆ ನಾಯಿ ಬಂದ ದಾರಿ. ನೀನು ನೋಡುವ ವಿಡಿಯೋಗಳೆಲ್ಲ ಇಂಗ್ಲೆಂಡ್, ಅಮೆರಿಕದವು. ಅಲ್ಲಿ ಟ್ರ್ಯಾಕಿನಿಂದ ಹೊರಬಿದ್ದ ನಾಯಿಗಳನ್ನು ಮನೆಗಳಿಗೆ ಸೇರಿಸಲು ಎಷ್ಟೋ ವರ್ಷಗಳಿಂದ ಸಂಘಗಳಿವೆ. ಫ್ಲೋರಿಡಾದಲ್ಲಿ 2018ರಲ್ಲಿ ಜನರೇ ವೋಟು ಹಾಕಿ ರೇಸ್ ಬೇಡ ಅಂದರು, 2020ರ ಕೊನೆಗೆ ಅಲ್ಲಿ ಎಲ್ಲ ನಿಂತಿತು. ಮಕಾವಿನ ಟ್ರ್ಯಾಕ್ 2018ರಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ನಾಯಿಗಳಿಗೆ ಮನೆ ಹುಡುಕಬೇಕಾಯಿತು. ನಮ್ಮಲ್ಲಿ ಹಾಗೆ ಲೈಸೆನ್ಸ್ ಇರುವ ಟ್ರ್ಯಾಕ್ ಇಲ್ಲ. ಪಂಜಾಬಿನ ಹಳ್ಳಿಗಳಲ್ಲಿ ಗ್ರೇಹೌಂಡ್ ರೇಸ್ ನಡೆಯುತ್ತದೆ, ಓಡಲಾಗದೆ ಹೋದ ಎಷ್ಟೋ ನಾಯಿಗಳು ಬೀದಿಗೆ ಬೀಳುತ್ತವೆ. ನೀನು ಫೋಟೋ ತೋರಿಸಿದ ಪಟ್ಟೆಯ ಹೆಣ್ಣುನಾಯಿಯೂ ಅಲ್ಲಿಂದಲೇ ಬಂದಿದ್ದು. ಹಾಗಾಗಿ ಆ ವಿಡಿಯೋಗಳಲ್ಲಿ ಹೇಳುವ "ಎಲ್ಲ ಪರೀಕ್ಷೆ ಆಗಿದೆ, ದಾಖಲೆ ಇದೆ" ಅನ್ನೋದನ್ನ ಇಲ್ಲಿ ಹಾಗೇ ನಂಬಬೇಡ. ನಾವೇ ಕೇಳಿ ತಿಳಿಯಬೇಕು. ಯಾರಾದರೂ ದುಡ್ಡು ಕೊಟ್ಟರೆ ಹೊರದೇಶದ ಮರಿ ತರಿಸಿಕೊಡುತ್ತೇವೆ ಅಂದರೆ ಅಲ್ಲೇ ಮಾತು ನಿಲ್ಲಿಸು. ಮರಿ ಮಾಡಿಸಿ ಮಾರುವುದಕ್ಕೆ ನಾಯಿ ಆಮದು ಮಾಡುವುದನ್ನು ಕೇಂದ್ರ ಸರ್ಕಾರ 2016ರಲ್ಲಿ ನಿಲ್ಲಿಸಿತ್ತು.

ಈಗ ನನ್ನ ಚಿಂತೆಗೆ ಬರುತ್ತೇನೆ. ನನ್ನ ಚಿಂತೆ ನಮ್ಮ ಮನೆಯ ಬಾಗಿಲು.

ನಮ್ಮ ಬಾಗಿಲು ಮುಚ್ಚಿರುವುದು ಯಾವಾಗ ಹೇಳು? ಹಾಲಿನವನು, ಪೇಪರ್‌ನವನು, ಕಸದವಳು, ಪಾತ್ರೆಗೆ ಬರುವ ಮಾವಶಿ, ದಿನಕ್ಕೆ ಎರಡು ಪಾರ್ಸೆಲ್. ಅಜ್ಜಿಗೆ ಗಾಳಿ ಬೇಕು ಅಂತ ಮಧ್ಯಾಹ್ನವೂ ತೆರೆದಿರುತ್ತದೆ. ಚಿಂಟು ಆಡಲು ಹೋದರೆ ಚಿಲಕ ಹಾಕಿದ್ದೇ ಇಲ್ಲ. ಗ್ರೇಹೌಂಡ್ ಮೂಸಿ ಹುಡುಕುವ ನಾಯಿ ಅಲ್ಲ, ಕಣ್ಣಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಸರಕ್ಕನೆ ಓಡಿದರೆ ಸಾಕು, ಹೋಯಿತು. ಆಮೇಲೆ ಕೂಗಿದರೂ ಕೇಳುವುದಿಲ್ಲ. ಕೇಳಿಸಿಕೊಂಡು ತಿರುಗುವಷ್ಟರಲ್ಲಿ ಅದು ನಿನ್ನ ಕಣ್ಣಿಗೆ ಕಾಣುವುದಿಲ್ಲ. ಊರಲ್ಲಿ ಅಜ್ಜನ ನಾಯಿ ಹೀಗೆ ಬೆಕ್ಕಿನ ಹಿಂದೆ ಹೋದರೆ ಎರಡು ಕಬ್ಬಿನ ಗದ್ದೆ ದಾಟಿ ಸಂಜೆಗೆ ತಾನೇ ಬರುತ್ತಿತ್ತು. ಇಲ್ಲಿ ಪುಣೆಯಲ್ಲಿ ಗೇಟಿನ ಆಚೆ ಕರ್ವೆ ರೋಡಿಗೆ ಹೋಗುವ ಟ್ರಾಫಿಕ್. ನಮ್ಮ ಪಾರ್ಕಿಂಗಿನಲ್ಲೇ ಬೆಕ್ಕುಗಳಿವೆ, ಅವಕ್ಕೆ ಹಾಲು ಇಡುವವಳು ನೀನೇ.

ಗಣಪತಿ ಹಬ್ಬದ ಹತ್ತು ದಿನ ಢೋಲ್ ತಾಶಾ ವಾದ್ಯದ ಸದ್ದು ಹೇಗಿರುತ್ತದೆ ಗೊತ್ತಲ್ಲ. ದೀಪಾವಳಿ ಪಟಾಕಿ ಹೇಳುವುದೇ ಬೇಡ. ಹೆದರಿದ ನಾಯಿಗೆ ಬಾಗಿಲು ಕಂಡರೆ ಅದೇ ದಾರಿ. ಆದ್ದರಿಂದ ಮೇನ್ ಡೋರ್ ಒಳಗೆ ಎದೆಯೆತ್ತರದ ಇನ್ನೊಂದು ಗೇಟ್ ಹಾಕಿಸಬೇಕು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಫ್ಯಾಬ್ರಿಕೇಟರ್ ಹತ್ತಿರ ನಾನು ರೇಟ್ ಕೇಳಿದ್ದೇನೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೊರಳ ಪಟ್ಟಿಯೂ ಮಾಮೂಲಿದು ಆಗುವುದಿಲ್ಲ. ಇದರ ತಲೆ ಸಣ್ಣದು, ಕುತ್ತಿಗೆ ದಪ್ಪ. ಹಿಂದಕ್ಕೆ ಎಳೆದರೆ ಪಟ್ಟಿ ಸಲೀಸಾಗಿ ಕಳಚುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುವ ಅಗಲದ ಪಟ್ಟಿ ಸಿಗುತ್ತದೆ, ಮಾರ್ಟಿಂಗೇಲ್ ಅನ್ನುತ್ತಾರೆ, ಅದೇ ಬೇಕು. ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಖಂಡಿತ ಬೇಡ. ಅಷ್ಟು ದೂರದಲ್ಲಿ ಅದು ಪೂರ್ತಿ ವೇಗ ಹಿಡಿದು ಹಗ್ಗದ ತುದಿಯಲ್ಲಿ ಝಟಕ್ಕನೆ ನಿಂತರೆ ಕುತ್ತಿಗೆಗೇ ಪೆಟ್ಟು. ವೇತಾಳ ಟೇಕಡಿ ಗುಡ್ಡದಲ್ಲಿ ಬೆಳಿಗ್ಗೆ ಎಲ್ಲರೂ ನಾಯಿ ಬಿಟ್ಟುಕೊಂಡು ತಿರುಗುತ್ತಾರೆ ಅಂತ ನೀನೂ ಬಿಡಬೇಡ. ಅಲ್ಲಿ ನವಿಲುಗಳಿವೆ.

ಬೀದಿ ನಾಯಿಗಳದ್ದು ಇನ್ನೊಂದು ಕಥೆ. ವಿಡಿಯೋದವರಿಗೆ ಈ ಕಷ್ಟವೇ ಇಲ್ಲ, ಅವರು ಇದರ ಬಗ್ಗೆ ಮಾತೂ ಆಡುವುದಿಲ್ಲ. ನಮ್ಮ ಗಲ್ಲಿಯ ನಾಲ್ಕೈದು ನಾಯಿಗಳು ಹೊಸ ನಾಯಿ ಕಂಡರೆ ಸುತ್ತುವರಿಯುತ್ತವೆ. ಗ್ರೇಹೌಂಡಿನ ಚರ್ಮ ಕಾಗದದಷ್ಟು ತೆಳು, ಕೆಳಗೆ ಕೊಬ್ಬಿಲ್ಲ, ಮೇಲೆ ದಟ್ಟ ಕೂದಲಿಲ್ಲ. ಬೇರೆ ನಾಯಿಗೆ ತರಚು ಗಾಯ ಆಗುವ ಕಡೆ ಇದಕ್ಕೆ ಹೊಲಿಗೆ ಬೀಳುತ್ತದೆ. ಹಾಗಾಗಿ ಮೊದಲ ಕೆಲವು ವಾರ ಅಪ್ಪ ಜೊತೆಗೆ ಬರಬೇಕು. ಗಲ್ಲಿ ನಾಯಿಗಳಿಗೆ ಬಿಸ್ಕತ್ತು ಹಾಕುವ ವಾಚ್‌ಮನ್ ದಾದಾನನ್ನೂ ಒಪ್ಪಿಸಿಕೊಳ್ಳಬೇಕು. ಅವರ ಮಾತು ಆ ನಾಯಿಗಳು ಕೇಳುತ್ತವೆ, ನಮ್ಮ ಮಾತಲ್ಲ.

ಸೊಸೈಟಿಯ ಬಗ್ಗೆ ನೀನು ಸುಮ್ನೆ ಹೆದರಿದ್ದೀಯ. ನಾಯಿ ಸಾಕಬಾರದು, ಲಿಫ್ಟಿನಲ್ಲಿ ತರಬಾರದು ಅಂತ ನಿಯಮ ಮಾಡುವ ಹಾಗಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ಮಹಾನಗರಪಾಲಿಕೆಯ ಲೈಸೆನ್ಸ್, ರೇಬಿಸ್ ಲಸಿಕೆಯ ಕಾರ್ಡ್, ಎರಡರ ಝೆರಾಕ್ಸ್ ಸೆಕ್ರೆಟರಿಗೆ ಕೊಟ್ಟರಾಯಿತು. ಕಕ್ಕ ಎತ್ತಿಹಾಕುವ ಚೀಲ ಮರೆಯದಿದ್ದರೆ ಯಾರೂ ಏನೂ ಅನ್ನುವುದಿಲ್ಲ.

ಮನೆಯೊಳಗೆ ಕಷ್ಟ ಟೈಲ್ಸಿನದು. ಈ ನಾಯಿಗಳ ಉದ್ದ ಕಾಲು ನುಣುಪು ನೆಲದಲ್ಲಿ ಜಾರುತ್ತದೆ, ಕೆಲವು ಹೆದರಿ ಅಲ್ಲೇ ನಿಂತುಬಿಡುತ್ತವೆ. ಅಟ್ಟದ ಮೇಲಿರುವ ನವಲಗುಂದದ ಜಮಖಾನ ಹಾಸೋಣ. ಮಲಗಲು ಮೆತ್ತಗೆ ಬೇಕು, ಬರೀ ನೆಲದಲ್ಲಿ ಮಲಗಿದರೆ ಎಲುಬು ಒತ್ತಿ ಹುಣ್ಣಾಗುತ್ತದೆ. ಅದಕ್ಕೆ ಅಜ್ಜಿಯ ಹಳೆಯ ಕೌದಿಗಳಿವೆ. ಕೇಳುವ ಕೆಲಸ ನಿನ್ನದು, ನಾನು ಕೇಳಲಾರೆ! ಡಿಸೆಂಬರ್ ರಾತ್ರಿ ಇಲ್ಲಿ ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಅದಕ್ಕೆ ಸ್ವೆಟರ್ ಕೂಡ ಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸಬೇಕು, ಡಾಂಬರು ಕಾಲು ಸುಡುತ್ತದೆ. ಇನ್ನು ಮೆಟ್ಟಿಲು. ಮೆಟ್ಟಿಲು ಹತ್ತಿ ರೂಢಿಯಿಲ್ಲದ ನಾಯಿಗಳು ಇವು. ಕರೆಂಟ್ ಹೋಗಿ ಲಿಫ್ಟ್ ನಿಂತರೆ ಮೂವತ್ತು ಕಿಲೋ ನಾಯಿಯನ್ನು ಐದು ಮಹಡಿ ಹೊರುವವರು ಯಾರು? ಮೊದಲ ದಿನದಿಂದಲೇ ಒಂದೊಂದು ಮೆಟ್ಟಿಲು ಕಲಿಸು.

ಚಿಂಟುವಿಗೆ ಒಂದು ಮಾತು ನೀನೇ ಹೇಳಬೇಕು, ನಾನು ಹೇಳಿದರೆ ಕೇಳುವುದಿಲ್ಲ. ಮಲಗಿರುವ ನಾಯಿಯನ್ನು ಅಪ್ಪಿಕೊಳ್ಳಬಾರದು. ಕೆಲವು ಗ್ರೇಹೌಂಡ್ ಕಣ್ಣು ತೆರೆದೇ ನಿದ್ದೆ ಮಾಡುತ್ತವೆ. ಎಚ್ಚರ ಇದೆ ಅಂದುಕೊಂಡು ಮೇಲೆ ಬಿದ್ದರೆ ಬೆಚ್ಚಿಬಿದ್ದು ಕಚ್ಚಿಬಿಡಬಹುದು. ದೂರದಿಂದ ಹೆಸರು ಕರೆದು, ಅದು ಎದ್ದ ಮೇಲೆ ಹತ್ತಿರ ಹೋಗಬೇಕು.

ಊಟದ ವಿಷಯ ಅಜ್ಜಿಯೊಂದಿಗೆ ಒಪ್ಪಂದ ಆಗಿದೆ. ಒಣ ಫುಡ್ ಬಾಲ್ಕನಿಯಲ್ಲಿ, ಮೊಟ್ಟೆ ಬೇಯಿಸಲು ಬೇರೆ ಇಂಡಕ್ಷನ್ ಒಲೆ. ಆದರೆ ಪಕ್ಕೆಲುಬು ಕಾಣುವ ನಾಯಿ ನೋಡಿ ಅಜ್ಜಿಯ ಕರುಳು ಚುರ್ ಅನ್ನುತ್ತದೆ, "ಇದಕ್ಕ ಹೊಟ್ಟಿಗೆ ಹಾಕ್ತಾರೋ ಇಲ್ಲೋ" ಅಂತ ತುಪ್ಪದ ಚಪಾತಿ ಶುರುವಾಗುತ್ತದೆ. ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದೇ ಇದಕ್ಕೆ ಸರಿಯಾದ ಮೈ. ಬಂದವರಿಗೆಲ್ಲ ಇದನ್ನು ಹೇಳುತ್ತಾ ಇರಬೇಕಾಗುತ್ತದೆ.

ಡಾಕ್ಟರ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡು. ಗ್ರೇಹೌಂಡಿನ ರಕ್ತದ ಲೆಕ್ಕವೇ ಬೇರೆ. ಕೆಂಪು ಕಣ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಹಾರ್ಮೋನ್ ಕೂಡ ಕಡಿಮೆ. ಇದು ಆರೋಗ್ಯವಾಗಿರುವಾಗಲೂ ಹಾಗೇ. ಪುಣೆಯಲ್ಲಿ ಮಳೆ ಬಂದರೆ ರಕ್ತ ಹೀರುವ ಉಣ್ಣಿಗಳ ಕಾಟ, ಉಣ್ಣಿಯಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಇದರ ರಿಪೋರ್ಟ್ ನೋಡಿದ ಡಾಕ್ಟರಿಗೆ ಈ ತಳಿಯ ಅಭ್ಯಾಸ ಇಲ್ಲದಿದ್ದರೆ, ಇಲ್ಲದ ಜ್ವರಕ್ಕೆ ಮದ್ದು ಶುರುವಾಗಬಹುದು. ನಿಜವಾದ ಜ್ವರವನ್ನು "ಇದಕ್ಕೆ ಮಾಮೂಲು" ಅಂದುಕೊಂಡು ಬಿಡಲೂಬಹುದು. ಅದಕ್ಕೆ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಫೈಲಿನಲ್ಲಿ ಇಡೋಣ. ಅನಸ್ತೇಸಿಯಾ (ಅರಿವಳಿಕೆ) ಕೊಡುವ ಮೊದಲು ಇದು ಗ್ರೇಹೌಂಡ್ ಅಂತ ಬಾಯಿಬಿಟ್ಟು ಹೇಳಬೇಕು. ಕೆಲವು ಮದ್ದುಗಳ ಅಮಲು ಇವುಗಳಿಗೆ ಬೇಗ ಇಳಿಯುವುದಿಲ್ಲ. ಹಲ್ಲು ಬೇಗ ಕೆಡುತ್ತದೆ, ದಿನಾ ಉಜ್ಜಬೇಕು. ವಯಸ್ಸಾದ ಮೇಲೆ ಎಲುಬಿನ ಕ್ಯಾನ್ಸರ್ ಈ ತಳಿಯಲ್ಲಿ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ, ಕುಂಟಿದರೆ "ಓಡಿ ನೋವಾಗಿರಬೇಕು" ಅಂತ ಬಿಡಬಾರದು ಅಂತ ಹೇಳಿದೆ.

ಇನ್ನು ನಿನ್ನ ಲೆಕ್ಕ. ಅದಕ್ಕೆ ಈಗ ನಾಲ್ಕು ವರ್ಷ ಅಂತೀಯ. ಇವು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ ಬದುಕುತ್ತವೆ. ಮುಂದಿನ ವರ್ಷ ನಿನ್ನದು ಹನ್ನೆರಡನೇ ಕ್ಲಾಸು, ಆಮೇಲೆ ಯಾವ ಊರೋ, ಯಾವ ಹಾಸ್ಟೆಲೋ. ಆ ನಾಯಿಯ ಮುದಿತನ ನೋಡುವವಳು ನಾನು. ಮಧ್ಯಾಹ್ನ ಮನೆಯಲ್ಲಿ ಇರುವವಳೂ ನಾನು, ಮಂಗಳವಾರ ಮತ್ತು ಶುಕ್ರವಾರ ಬಿಟ್ಟು. ಆ ಎರಡು ದಿನ ನಾನು ಆಫೀಸಿಗೆ ಹೋಗಬೇಕು, ಅಜ್ಜಿ ಒಬ್ಬರೇ ಇರುತ್ತಾರೆ. ಬೇರೆ ನಾಯಿಗಳ ಜೊತೆಗೇ ಬೆಳೆದ ನಾಯಿಗೆ ಒಂಟಿತನ ಅಭ್ಯಾಸ ಇರುವುದಿಲ್ಲ, ಅಳುತ್ತದೆ, ಬಾಗಿಲು ಕೆರೆಯುತ್ತದೆ. ಅಜ್ಜಿಯ ಮಂಡಿ ನಿನಗೆ ಗೊತ್ತು. ಅವರು ಅದನ್ನು ಕೆಳಗೆ ಕರೆದುಕೊಂಡು ಹೋಗಲಾರರು. ಆ ಎರಡು ದಿನ ಕಾಲೇಜಿನಿಂದ ನೇರವಾಗಿ ಮನೆಗೆ ಬರುತ್ತೀಯಾ? ಕ್ಲಾಸು ಬಿಟ್ಟ ಮೇಲೆ ಎಲ್ಲರೂ ಚಹಾಕ್ಕೆ ಹೋಗುವಾಗ ನೀನೊಬ್ಬಳೇ ಹೊರಡುತ್ತೀಯಾ? ನನಗೆ ಈಗ ಉತ್ತರ ಬೇಡ, ಯೋಚಿಸಿ ಹೇಳು. "ಹೂಂ" ಅಂತ ತಕ್ಷಣ ಬರುವ ಉತ್ತರ ನನಗೆ ಗೊತ್ತಿರುವುದೇ.

ಖರ್ಚಿನ ಬಗ್ಗೆ ಅಪ್ಪನ ಜೊತೆ ನಾನು ಮಾತಾಡುತ್ತೇನೆ. ಫುಡ್ಡು, ಉಣ್ಣಿಯ ಮದ್ದು, ಲಸಿಕೆ ಎಲ್ಲ ಸೇರಿಸಿ ತಿಂಗಳಿಗೆ ಆರೇಳು ಸಾವಿರ ಹಿಡಿದಿದ್ದೇನೆ. ದೀಪಾವಳಿಗೆ ಊರಿಗೆ ಹೋಗುವಾಗ ಅದನ್ನು ಎಲ್ಲಿ ಬಿಡುವುದು ಅನ್ನೋದು ಬೇರೆ ಪ್ರಶ್ನೆ. ಕಾರಿನಲ್ಲಿ ಮುಧೋಳದವರೆಗೆ ಕರೆದುಕೊಂಡು ಹೋಗಬಹುದು, ಆದರೆ ಮಾಮಾನ ನಾಯಿಗಳ ಜೊತೆ ಹೊಂದುತ್ತದೋ ಇಲ್ಲವೋ.

ಈಗ ನೀನು ಮಾಡಬೇಕಾದ್ದು ಇಷ್ಟು. ಅದನ್ನು ಸದ್ಯಕ್ಕೆ ಸಾಕುತ್ತಿರುವ ಆ ಮೇಡಂಗೆ ಫೋನ್ ಮಾಡು. ಬೆಕ್ಕು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಮೆಟ್ಟಿಲು ಹತ್ತುತ್ತದಾ, ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ, ಹಳೆಯ ಮೂಳೆ ಮುರಿತ ಏನಾದರೂ ಇದೆಯಾ, ಎಲ್ಲ ಕೇಳಿ ಬರೆದುಕೋ. ಪಟಾಕಿಯ ಗಲಾಟೆಯಲ್ಲಿ ಹೊಸ ಮನೆಗೆ ತರುವುದು ಬೇಡ. ದೀಪಾವಳಿ ಮುಗಿದ ಮೇಲೆ, ಗೇಟ್ ಕೂರಿಸಿದ ಮೇಲೆ, ಒಂದು ತಿಂಗಳು ನಮ್ಮಲ್ಲಿ ಇಟ್ಟು ನೋಡಲು ಕೊಡುತ್ತಾರಾ ಕೇಳು. ಹೊಂದಿಕೆಯಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಅವರು ಬರೆದುಕೊಡಬೇಕು. ಹಾಗೆ ಬರೆದುಕೊಡಲು ಒಪ್ಪದವರಿಂದ ನಾಯಿ ತರುವುದು ಬೇಡ.

ಶನಿವಾರ ನಿನಗೆ ಕ್ಲಾಸಿಲ್ಲ, ಅವತ್ತೇ ಮಾಡು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಮಾತು ನೀನೇ ಆಡು.

ಅಮ್ಮ